ಬೀದಿ ಕಲಿಸಿದ್ದು ಮನೆಗೂ ಬರುತ್ತದೆ

ಬೀದಿಯಿಂದ ಮನೆಗೆ ಬಂದ ನಾಯಿಗಳ ಬಗ್ಗೆ ಕೇಳಿಬರುವ ದೂರುಗಳು ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ. ಲಿಫ್ಟಿನೊಳಗೆ ಕಾಲಿಡುವುದಿಲ್ಲ. ಪೊರಕೆ ಕೈಗೆತ್ತಿಕೊಂಡರೆ ಮಂಚದ ಕೆಳಗೆ ನುಸುಳುತ್ತದೆ. ಹೊಟ್ಟೆ ತುಂಬಿದ್ದರೂ ಚಪಾತಿಯನ್ನು ಕಚ್ಚಿಕೊಂಡು ಹೋಗಿ ಸೋಫಾದ ಸಂದಿಗೆ ತುರುಕುತ್ತದೆ. ಹೆಲ್ಮೆಟ್ ಹಾಕಿದವರನ್ನು ಕಂಡರೆ ಮೈಮೇಲೆ ಬಂದಂತೆ ಬೊಗಳುತ್ತದೆ, ಅದೇ ಮನುಷ್ಯ ಹೆಲ್ಮೆಟ್ ತೆಗೆದರೆ ಬಾಲ ಆಡಿಸುತ್ತದೆ. ಮೆತ್ತನೆಯ ಹಾಸಿಗೆ ತಂದುಕೊಟ್ಟರೆ ಅದನ್ನು ಬಿಟ್ಟು ಬಚ್ಚಲಿನ ತಣ್ಣನೆಯ ನೆಲದಲ್ಲಿ ಮಲಗುತ್ತದೆ. ಮೊದಲ ಕೆಲವು ದಿನ ಮನೆಯವರು ನಗುತ್ತಾರೆ. ಆಮೇಲೆ ‘ಕೊಬ್ಬು’, ‘ಹಟಮಾರಿ’ ಎನ್ನುವ ಮಾತು ಬರುತ್ತದೆ. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದರೂ ಡೊಂಕೇ ಎಂಬ ಗಾದೆಯಂತೂ ಎಲ್ಲರ ಬಾಯಲ್ಲೂ ಸಿದ್ಧವಾಗಿಯೇ ಇರುತ್ತದೆ. ಕೊನೆಗೆ ನಾಯಿಯನ್ನು ದತ್ತು ಕೊಡಿಸಿದ ಸ್ವಯಂಸೇವಕರಿಗೆ ಫೋನ್ ಹೋಗುತ್ತದೆ: ದಯವಿಟ್ಟು ವಾಪಸ್ ಕರೆದುಕೊಂಡು ಹೋಗಿ.

ಮೇಲಿನ ವರ್ತನೆಗಳಲ್ಲಿ ಒಂದೂ ಕೊಬ್ಬಿನಿಂದ ಬಂದದ್ದಲ್ಲ. ಬೀದಿಯಲ್ಲಿ ಆ ನಾಯಿಯನ್ನು ಬದುಕಿಸಿದ ಬುದ್ಧಿಯೇ ಮನೆಯೊಳಗೆ ನಮ್ಮ ಕಣ್ಣಿಗೆ ವಿಚಿತ್ರವಾಗಿ ಕಾಣುತ್ತದೆ. ಇದನ್ನು ಮೊದಲೇ ಅರಿತಿದ್ದರೆ ಎಷ್ಟೋ ನಾಯಿಗಳು ವಾಪಸ್ ಹೋಗುವುದು ತಪ್ಪುತ್ತಿತ್ತು ಎಂಬ ನೋವಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಬೀದಿಯಲ್ಲಿ ಬದುಕಿ ಉಳಿಯುವುದು ಎಷ್ಟು ಕಷ್ಟ ಎಂಬುದಕ್ಕೆ ಲೆಕ್ಕ ಸಿಗುತ್ತದೆ. ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಮತ್ತು ಅವರ ವಿದ್ಯಾರ್ಥಿಗಳು ಬೀದಿ ನಾಯಿಗಳನ್ನು ಬೀದಿಯಲ್ಲೇ ನಿಂತು ಅಧ್ಯಯನ ಮಾಡುತ್ತ ಬಂದಿದ್ದಾರೆ. ಪಶ್ಚಿಮ ಬಂಗಾಳದಲ್ಲಿ 95 ಸೂಲುಗಳಲ್ಲಿ ಹುಟ್ಟಿದ 364 ಮರಿಗಳನ್ನು ಅವರು ಹಿಂಬಾಲಿಸಿ ನೋಡಿದರು. ಪ್ರಾಯಕ್ಕೆ ಬರುವವರೆಗೆ ಉಳಿದದ್ದು ಶೇ 19ರಷ್ಟು ಮಾತ್ರ. ಸತ್ತವುಗಳಲ್ಲಿ ಶೇ 63ರಷ್ಟು ಮರಿಗಳ ಸಾವಿನಲ್ಲಿ ಮನುಷ್ಯರ ಕೈವಾಡ ಒಂದಲ್ಲ ಒಂದು ಬಗೆಯಲ್ಲಿ ಇತ್ತು ಎಂದು 2016ರಲ್ಲಿ ಪ್ರಕಟವಾದ ಅವರ ವರದಿ ಹೇಳುತ್ತದೆ. ಅಂದರೆ ನಮ್ಮ ಮನೆ ಬಾಗಿಲಿಗೆ ಬರುವ ಪ್ರತಿಯೊಂದು ದೊಡ್ಡ ಬೀದಿ ನಾಯಿಯೂ ತನ್ನ ಓರಗೆಯ ಹೆಚ್ಚಿನವರನ್ನು ಕಳೆದುಕೊಂಡು ಉಳಿದದ್ದು. ಯಾವ ಕೈ ಅನ್ನ ಹಾಕುತ್ತದೆ, ಯಾವ ಕೈ ಕಲ್ಲು ಎತ್ತುತ್ತದೆ ಎಂಬುದನ್ನು ದೂರದಿಂದಲೇ ಗುರುತಿಸಲು ಕಲಿತದ್ದರಿಂದ ಉಳಿದದ್ದು.

ಅದೇ ತಂಡದ 2020ರ ಇನ್ನೊಂದು ಪ್ರಯೋಗ ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ. ಮುಚ್ಚಿದ ಎರಡು ಬಟ್ಟಲುಗಳು. ಒಂದರಲ್ಲಿ ಕೋಳಿಮಾಂಸ, ಇನ್ನೊಂದಕ್ಕೆ ಅದರ ವಾಸನೆ ಮಾತ್ರ ಸವರಿದ್ದು. ಅಪರಿಚಿತ ವ್ಯಕ್ತಿಯೊಬ್ಬ ಒಂದು ಬಟ್ಟಲಿನ ಕಡೆ ಬೆರಳು ತೋರಿಸುತ್ತಾನೆ. ಯಾರೂ ಯಾವತ್ತೂ ತರಬೇತಿ ಕೊಡದ ನಾಯಿಗಳು ಆ ಬೆರಳಿನ ಅರ್ಥ ಹಿಡಿಯುತ್ತವೆಯೇ ಎಂಬುದು ಪ್ರಶ್ನೆ. ಹತ್ತಿರ ಬಂದ ನಾಯಿಗಳಲ್ಲಿ ಸುಮಾರು ಶೇ 80ರಷ್ಟು ಬೆರಳು ತೋರಿಸಿದ ಬಟ್ಟಲಿಗೇ ಹೋದವು. ಸಾಕಿದ ನಾಯಿಗಳಿಗೆ ಮಾತ್ರ ಮನುಷ್ಯರ ಸನ್ನೆ ಅರ್ಥವಾಗುತ್ತದೆ ಎಂದುಕೊಂಡವರಿಗೆ ಇದು ಸ್ಪಷ್ಟ ಉತ್ತರ. ಆದರೆ ಮನೆಯಲ್ಲಿ ರೆಸ್ಕ್ಯೂ ನಾಯಿ ಇರುವವರು ಗಮನಿಸಬೇಕಾದದ್ದು ಫಲಿತಾಂಶದ ಇನ್ನೊಂದು ಭಾಗವನ್ನು. ಪರೀಕ್ಷೆಗೆ ಆರಿಸಿದ ನಾಯಿಗಳಲ್ಲಿ ಸುಮಾರು ಅರ್ಧದಷ್ಟು ಬಟ್ಟಲಿನ ಹತ್ತಿರವೇ ಸುಳಿಯಲಿಲ್ಲ. ಅವು ಆತಂಕದಲ್ಲಿದ್ದದ್ದನ್ನು, ಮನುಷ್ಯರಿಂದ ಹಿಂದೆ ಪೆಟ್ಟು ತಿಂದಿರಬಹುದಾದದ್ದನ್ನು ಸಂಶೋಧಕರು ಗುರುತಿಸಿದರು. ಬುದ್ಧಿ ಇರುವುದು ಬೇರೆ, ಆ ಬುದ್ಧಿಯನ್ನು ಬಳಸುವಷ್ಟು ಧೈರ್ಯ ಇರುವುದು ಬೇರೆ. ‘ಎಷ್ಟು ಕರೆದರೂ ಬರುವುದಿಲ್ಲ, ದಡ್ಡ ನಾಯಿ’ ಎಂದು ನಾವು ಬೇಸರಪಡುವ ನಾಯಿ ಬಹುಮಟ್ಟಿಗೆ ಈ ಅರ್ಧಕ್ಕೆ ಸೇರಿದ್ದು. ಕರೆದದ್ದು ಅದಕ್ಕೆ ಗೊತ್ತಾಗಿದೆ. ಬಂದರೆ ಏನಾಗುತ್ತದೋ ಎಂಬುದು ಮಾತ್ರ ಗೊತ್ತಾಗಿಲ್ಲ.

ಈ ಭಯದ ಬೇರು ಬಹಳ ಎಳೆಯ ವಯಸ್ಸಿನಲ್ಲಿದೆ. ಅಮೆರಿಕದ ಬಾರ್ ಹಾರ್ಬರ್ ಎಂಬ ಊರಿನ ಪ್ರಯೋಗಾಲಯದಲ್ಲಿ ಕಳೆದ ಶತಮಾನದ ಮಧ್ಯಭಾಗದಲ್ಲಿ ನಾಯಿಮರಿಗಳ ಬಗ್ಗೆ ದೀರ್ಘ ಅಧ್ಯಯನಗಳು ನಡೆದವು. ಅಲ್ಲಿ ಕೆಲವು ಮರಿಗಳನ್ನು ಎತ್ತರದ ಬೇಲಿಯ ಬಯಲಿನಲ್ಲಿ ತಾಯಿಯ ಜೊತೆ, ಮನುಷ್ಯರ ಒಡನಾಟವಿಲ್ಲದೆ ಬೆಳೆಸಿ, ಬೇರೆಬೇರೆ ವಯಸ್ಸಿನಲ್ಲಿ ಹೊರತಂದು ನೋಡಿದರು. ಏಳು ವಾರದ ಆಸುಪಾಸಿನಲ್ಲಿ ಮನುಷ್ಯರ ಕೈಗೆ ಬಂದ ಮರಿಗಳು ಸಲೀಸಾಗಿ ಹೊಂದಿಕೊಂಡವು. 14 ವಾರ ಕಳೆಯುವವರೆಗೆ ಮನುಷ್ಯರನ್ನೇ ಕಾಣದ ಮರಿಗಳು ಕಾಡುಪ್ರಾಣಿಯಂತೆ ಬೆದರಿದವು. ಈ ಫಲಿತಾಂಶ ಪ್ರಕಟವಾದದ್ದು 1961ರಲ್ಲಿ. ಮೂರನೆಯ ವಾರದಿಂದ ಸುಮಾರು ಹದಿಮೂರು ಹದಿನಾಲ್ಕನೆಯ ವಾರದವರೆಗಿನ ಆ ಕಾಲದಲ್ಲಿ ಮರಿ ಏನನ್ನು ಕಾಣುತ್ತದೋ, ಕೇಳುತ್ತದೋ, ಮೂಸುತ್ತದೋ ಅದೆಲ್ಲ ಅದರ ಪಾಲಿಗೆ ‘ಲೋಕದಲ್ಲಿ ಇರುವಂಥದ್ದು’. ಆಮೇಲೆ ಎದುರಾದದ್ದು ‘ಇರಬಾರದ್ದು’. ಗೂಡಂಗಡಿಯ ಹಿಂದೆ ಹುಟ್ಟಿ ಬೆಳೆದ ಮರಿಗೆ ಬಸ್ಸಿನ ಹಾರನ್ ಗೊತ್ತು, ಟೀ ಕುಡಿಯಲು ಬರುವ ಹತ್ತಾರು ಬಗೆಯ ಜನ ಗೊತ್ತು. ಮಿಕ್ಸಿ, ವಾಷಿಂಗ್ ಮಷೀನ್, ಜಾರುವ ಟೈಲ್ಸ್, ಗೋಡೆಗೆ ನಿಲ್ಲಿಸಿದ ಆಳೆತ್ತರದ ಕನ್ನಡಿ ಗೊತ್ತಿಲ್ಲ. ಲಿಫ್ಟಂತೂ ಬಾಗಿಲು ಮುಚ್ಚಿಕೊಂಡು ನೆಲವೇ ಅಲುಗಾಡುವ ಪೆಟ್ಟಿಗೆ. ಅದರೊಳಗೆ ನಿರಾತಂಕವಾಗಿ ಹೋಗುವ ನಾಯಿಯನ್ನು ಕಂಡರೇ ನಾವು ಆಶ್ಚರ್ಯಪಡಬೇಕು.

ಹಾಗಾದರೆ ವಯಸ್ಸು ಮೀರಿದ ನಾಯಿ ಬದಲಾಗುವುದೇ ಇಲ್ಲವೇ? ಬದಲಾಗುತ್ತದೆ. ವೇಗ ಮಾತ್ರ ಅದರದು, ನಮ್ಮದಲ್ಲ. ನಾಯಿಗಳನ್ನು ರಕ್ಷಿಸಿ ದತ್ತು ಕೊಡುವವರ ಬಳಿ ಒಂದು ರೂಢಿಯ ಲೆಕ್ಕವಿದೆ: ಮೊದಲ ಮೂರು ದಿನ ಭಯ ಇಳಿಯಲು, ಮೂರು ವಾರ ಮನೆಯ ದಿನಚರಿ ಹಿಡಿಯಲು, ಮೂರು ತಿಂಗಳು ಇದು ನನ್ನ ಮನೆ ಎನ್ನಿಸಲು. ಅದು ಅಂದಾಜು ಮಾತ್ರ. ಕೆಲವಕ್ಕೆ ಒಂದು ವರ್ಷವೂ ಹಿಡಿಯುತ್ತದೆ. ಆದರೆ ಮೊದಲ ವಾರ ಇಡೀ ಬಂಧುಬಳಗವನ್ನು ಕರೆದು ‘ಹೊಸ ಮರಿ’ ತೋರಿಸುವ ಉತ್ಸಾಹಕ್ಕೆ ಈ ಲೆಕ್ಕ ಒಳ್ಳೆಯ ತಡೆ.

ನಮ್ಮ ಮನೆಯ ನಾಯಿ ಕೆಂಚಿಗೆ ಬಿಚ್ಚಿದ ಕೊಡೆ ಕಂಡರೆ ಜೀವ ಹೋದಂತಾಗುತ್ತಿತ್ತು. ಮಳೆಗಾಲದಲ್ಲಿ ಹೊರಗೆ ಕರೆದೊಯ್ಯುವುದೇ ಆಗುತ್ತಿರಲಿಲ್ಲ. ಮಡಿಸಿದ ಕೊಡೆಯನ್ನು ನಡುಮನೆಯ ಒಂದು ಮೂಲೆಯಲ್ಲಿಟ್ಟು, ಅದಕ್ಕೆ ಸಾಕಷ್ಟು ದೂರದಲ್ಲಿ ಬೇಯಿಸಿದ ಮೊಟ್ಟೆಯ ಚೂರುಗಳನ್ನು ಹಾಕತೊಡಗಿದೆವು. ಕೊಡೆ ಇದ್ದಾಗ ಮಾತ್ರ ಮೊಟ್ಟೆ, ಇಲ್ಲದಿದ್ದರೆ ಇಲ್ಲ. ಕೆಂಚಿ ನಿರಾಳವಾಗಿ ತಿನ್ನುವ ದೂರವನ್ನು ದಿನದಿನಕ್ಕೆ ಗೇಣುಗೇಣಾಗಿ ಕಡಿಮೆ ಮಾಡಿದೆವು. ಆಮೇಲೆ ಅರ್ಧ ಬಿಚ್ಚಿದ ಕೊಡೆ, ಆಮೇಲೆ ಪೂರ್ತಿ ಬಿಚ್ಚಿದ್ದು, ಕೊನೆಗೆ ಕೈಯಲ್ಲಿ ಹಿಡಿದದ್ದು. ಒಂದು ಸೂಚನೆಯ ಬೆನ್ನಿಗೇ ಊಟ ಬಂದರೆ ಆ ಸೂಚನೆಗೇ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ರಷ್ಯದ ಪಾವ್ಲೋವ್ ನೂರು ವರ್ಷಕ್ಕೂ ಹಿಂದೆ ತೋರಿಸಿದ ತತ್ವವೇ ಇದು. ಇಲ್ಲಿ ನಾವು ನೀರೂರಿಸುತ್ತಿಲ್ಲ, ಭಯದ ಜಾಗದಲ್ಲಿ ನಿರೀಕ್ಷೆಯನ್ನು ಕೂರಿಸುತ್ತಿದ್ದೇವೆ. ‘ಒಂದು ಸಲ ಎಳೆದುಕೊಂಡು ಹೋದರೆ ಸರಿಯಾಗುತ್ತದೆ’ ಎಂಬ ಬಿಟ್ಟಿ ಸಲಹೆಯನ್ನು ಮಾತ್ರ ಕೇಳಬಾರದು. ಎಳೆದುಕೊಂಡು ಹೋದ ನಾಯಿ ಸುಮ್ಮನಾಗಬಹುದು. ಆ ಸುಮ್ಮನಾಗುವಿಕೆ ಎಷ್ಟೋ ಸಲ ಧೈರ್ಯವಲ್ಲ, ಕೈಚೆಲ್ಲಿದ್ದು. ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಒಳಗಾದ ನಾಯಿಗಳು, ಆಮೇಲೆ ತಪ್ಪಿಸಿಕೊಳ್ಳುವ ದಾರಿಯಿದ್ದರೂ ಬಿದ್ದಲ್ಲೇ ಬಿದ್ದಿರುತ್ತಿದ್ದವು ಎಂಬುದನ್ನು 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರು ದಾಖಲಿಸಿದರು. ಅಂಥ ಕ್ರೂರ ಪ್ರಯೋಗವನ್ನು ಇಂದು ಮಾಡುವಂತಿಲ್ಲ. ಅದು ಕಲಿಸಿದ್ದನ್ನು ಮರೆಯುವಂತೆಯೂ ಇಲ್ಲ.

ಊಟದ ವಿಷಯಕ್ಕೆ ಬಂದರೆ ಮನೆಯ ನೆಮ್ಮದಿ ನಿಜಕ್ಕೂ ಕೆಡುತ್ತದೆ. ತಟ್ಟೆಯ ಹತ್ತಿರ ಹೋದರೆ ಮೈ ಬಿಗಿಮಾಡಿ, ತಿನ್ನುವ ವೇಗ ಹೆಚ್ಚಿಸಿ, ಕಣ್ಣಂಚಿನಲ್ಲೇ ನೋಡುತ್ತ ಗುರುಗುಟ್ಟುವ ನಾಯಿಗಳಿವೆ. ಬೀದಿಯಲ್ಲಿ ಸಿಕ್ಕ ತುತ್ತನ್ನು ಆ ಕ್ಷಣ ಕಾಯ್ದುಕೊಳ್ಳದಿದ್ದರೆ ಅದು ಇನ್ನೊಂದರ ಬಾಯಿಗೆ ಹೋಗುತ್ತಿತ್ತು, ಅಷ್ಟೇ ಕಾರಣ. ಇಲ್ಲಿ ನಮ್ಮ ಹಿರಿಯರು ಹೇಳುತ್ತಿದ್ದ ಒಂದು ಉಪಾಯ ಅಪಾಯಕಾರಿ: ತಿನ್ನುವಾಗ ತಟ್ಟೆಗೆ ಕೈಹಾಕಿ, ಆಗಾಗ ಕಿತ್ತುಕೊಳ್ಳಿ, ಯಜಮಾನ ಯಾರೆಂದು ಗೊತ್ತಾಗಲಿ ಎಂಬುದು. ಹಾಗೆ ಮಾಡಿದರೆ ನಾಯಿಯ ಅನುಮಾನ ನಿಜವೆಂದು ನಾವೇ ಸಾಬೀತು ಮಾಡಿದಂತಾಗುತ್ತದೆ. ಮಾಡಬೇಕಾದದ್ದು ತಿರುವುಮುರುವು. ತಟ್ಟೆಯಿಂದ ದೂರದಲ್ಲೇ ಹಾದುಹೋಗುತ್ತ ಇನ್ನೂ ರುಚಿಯಾದ ತುಣುಕೊಂದನ್ನು ಎಸೆದು, ನಿಲ್ಲದೆ ಮುಂದೆ ಹೋಗಬೇಕು. ಮನುಷ್ಯ ಹತ್ತಿರ ಬಂದರೆ ಊಟ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ ಎಂದು ಅದಕ್ಕೆ ಮನವರಿಕೆಯಾಗಬೇಕು. ಬಾಯಲ್ಲಿ ಬೂಟು ಕಚ್ಚಿಕೊಂಡಿದ್ದರೆ ಕಿತ್ತುಕೊಳ್ಳುವ ಬದಲು ಇನ್ನೇನನ್ನಾದರೂ ಕೊಟ್ಟು ಬದಲಾಯಿಸಿಕೊಳ್ಳಬೇಕು. ಮಕ್ಕಳಿರುವ ಮನೆಯಲ್ಲಂತೂ ಇಂಥ ನಾಯಿಗೆ ಊಟ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ.

ಗುರುಗುಟ್ಟಿದ್ದಕ್ಕೆ ಹೊಡೆಯಲೇಬಾರದು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಗುರುಗುಟ್ಟುವುದು ಕಚ್ಚುವ ಮೊದಲಿನ ಎಚ್ಚರಿಕೆ. ಅದಕ್ಕೂ ಮೊದಲು ನಾಯಿ ಇನ್ನೂ ಸಣ್ಣ ದನಿಯಲ್ಲಿ ಹೇಳಿರುತ್ತದೆ: ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. ಮಕ್ಕಳು ನಾಯಿಯ ಕುತ್ತಿಗೆ ತಬ್ಬಿಕೊಂಡು ತೆಗೆಸಿಕೊಂಡ ಎಷ್ಟೋ ಫೋಟೊಗಳಲ್ಲಿ ಈ ನಾಲ್ಕರಲ್ಲಿ ಒಂದಾದರೂ ಕಾಣಿಸುತ್ತದೆ. ನಾವು ಅದನ್ನು ಮುದ್ದು ಎಂದುಕೊಳ್ಳುತ್ತೇವೆ. ಗುರುಗುಟ್ಟಿದಾಗಲೆಲ್ಲ ಏಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಭಯವನ್ನು ಬಿಡುವುದಿಲ್ಲ. ಮುಂದೊಂದು ದಿನ ‘ಏನೂ ಸೂಚನೆಯಿಲ್ಲದೆ ಕಚ್ಚಿಬಿಟ್ಟಿತು’ ಎಂದು ನಾವು ಹೇಳುವುದು ಇಂಥ ನಾಯಿಯ ಬಗ್ಗೆಯೇ. ಬಾಲ ಆಡಿಸುವುದೂ ಯಾವಾಗಲೂ ಸಂತೋಷವಲ್ಲ. ಇಟಲಿಯ ಸಂಶೋಧಕರು 2007ರಲ್ಲಿ ಕಂಡದ್ದು ಹೀಗೆ: ತನ್ನ ಯಜಮಾನನನ್ನು ಕಂಡಾಗ ನಾಯಿಯ ಬಾಲ ಅದರ ಬಲಕ್ಕೆ ಹೆಚ್ಚು ವಾಲುತ್ತದೆ, ಜೋರು ಸ್ವಭಾವದ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ. ಎಡ ಬಲ ಅಳೆಯುತ್ತ ಕೂರಬೇಕಿಲ್ಲ. ಸಡಿಲವಾದ ಮೈಯೊಡನೆ ಬೀಸುವ ಬಾಲಕ್ಕೂ ಸೆಟೆದ ಮೈಯ ಮೇಲೆ ನೆಟ್ಟಗೆ ನಿಂತು ಅದುರುವ ಬಾಲಕ್ಕೂ ಇರುವ ವ್ಯತ್ಯಾಸ ಕಂಡರೆ ಸಾಕು.

ಕಚ್ಚಿದ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಯಾವ ನಾಯಿಯ ಹಲ್ಲು ತಾಗಿದರೂ, ಸಾಕಿದ್ದಾದರೂ ಬೀದಿಯದ್ದಾದರೂ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಶಿನ, ಮೆಣಸಿನಪುಡಿ ಯಾವುದೂ ಬೇಡ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧವಿಲ್ಲ, ಅದಕ್ಕೆ ಮೊದಲು ಸರಿಯಾಗಿ ಹಾಕಿದ ಲಸಿಕೆ ಕಾಪಾಡುತ್ತದೆ.

ಮನೆಗೆ ಹಿಂದಿರುಗಿದಾಗ ಚಪ್ಪಲಿ ಹರಿದು ಚಿಂದಿಯಾಗಿದೆ, ನಾಯಿ ಕಿವಿ ಹಿಂದಕ್ಕೆ ಮಡಚಿ ತಲೆ ತಗ್ಗಿಸಿ ನಿಂತಿದೆ. ‘ನೋಡಿ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು’ ಎನ್ನದವರಿಲ್ಲ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನೇ ಪರೀಕ್ಷೆಗೊಡ್ಡಿದರು. ತಿನ್ನಬಾರದೆಂದು ಹೇಳಿ ತಿಂಡಿಯೊಂದನ್ನು ಇಟ್ಟು ಯಜಮಾನ ಹೊರಗೆ ಹೋಗುತ್ತಾನೆ. ಕೆಲವು ನಾಯಿಗಳು ತಿನ್ನುತ್ತವೆ, ಕೆಲವು ಸಲ ಸಂಶೋಧಕಿಯೇ ತಿಂಡಿಯನ್ನು ತೆಗೆದುಬಿಡುತ್ತಾರೆ. ಹಿಂದಿರುಗಿದ ಯಜಮಾನನಿಗೆ ಒಮ್ಮೆ ನಿಜ, ಒಮ್ಮೆ ಸುಳ್ಳು ಹೇಳಲಾಗುತ್ತದೆ. 2009ರಲ್ಲಿ ಪ್ರಕಟವಾದ ಫಲಿತಾಂಶ ಬಹಳ ಸರಳ. ‘ತಪ್ಪಿತಸ್ಥ’ ಮುಖ ಕಾಣಿಸಿದ್ದು ನಾಯಿ ತಿಂದಿತ್ತೋ ಇಲ್ಲವೋ ಎಂಬುದರ ಮೇಲಲ್ಲ, ಯಜಮಾನ ಗದರಿದನೋ ಇಲ್ಲವೋ ಎಂಬುದರ ಮೇಲೆ. ಏನೂ ತಿನ್ನದೆ ಬೈಗುಳ ತಿಂದ ನಾಯಿಗಳ ಮುಖದಲ್ಲೇ ಅದು ಹೆಚ್ಚು ಎದ್ದು ಕಂಡಿತು. ನಮ್ಮ ದನಿ, ಭುಜ, ನಡಿಗೆ ನೋಡಿ ನಾಯಿ ‘ಕೋಪ ಬೇಡ’ ಎಂದು ಬೇಡಿಕೊಳ್ಳುತ್ತಿರುತ್ತದೆ. ನಾವು ಅದನ್ನು ತಪ್ಪೊಪ್ಪಿಗೆಯೆಂದು ಓದಿ ಇನ್ನಷ್ಟು ಬೈಯುತ್ತೇವೆ.

ಹಾಗಿದ್ದರೆ ಚಪ್ಪಲಿ ಏಕೆ ಹರಿಯಿತು? ಸೇಡಿನಿಂದಲ್ಲ. ನಾಯಿಯ ಮೂಗಿನಲ್ಲಿ ವಾಸನೆ ಗ್ರಹಿಸುವ ಜೀವಕೋಶಗಳು 20 ಕೋಟಿಗೂ ಹೆಚ್ಚು, ನಮ್ಮಲ್ಲಿ 50-60 ಲಕ್ಷ. ಮನೆಯಲ್ಲಿ ನಮ್ಮ ವಾಸನೆ ಗಾಢವಾಗಿ ಉಳಿಯುವ ವಸ್ತುಗಳಲ್ಲಿ ಚಪ್ಪಲಿ, ಬೂಟು ಮುಂಚೂಣಿಯವು. ಒಂಟಿಯಾದಾಗ ಹೆದರುವ ನಾಯಿ ಅದನ್ನೇ ಹುಡುಕುತ್ತದೆ, ಆತಂಕ ತಡೆಯಲಾರದೆ ಅಗಿಯುತ್ತದೆ. ಬಾಗಿಲಿನ ಚೌಕಟ್ಟು ಕೆರೆಯುವುದು, ಪಕ್ಕದ ಮನೆಯವರು ದೂರುವಷ್ಟು ಊಳಿಡುವುದು, ಕಲಿತಿದ್ದರೂ ಒಳಗೇ ಮೂತ್ರ ಮಾಡುವುದು, ಇವೆಲ್ಲ ಒಂದೇ ಸಂಕಟದ ಬೇರೆಬೇರೆ ರೂಪ. ಬೀದಿಯಲ್ಲಿ ಆ ನಾಯಿ ಒಂಟಿಯಾಗಿ ಮುಚ್ಚಿದ ಕೋಣೆಯಲ್ಲಿ ಇದ್ದದ್ದೇ ಇಲ್ಲ. ಅರ್ಧ ನಿಮಿಷ ಹೊರಗೆ ಹೋಗಿ ಬರುವುದರಿಂದ ಶುರುಮಾಡಿ, ಅದು ನಿರಾಳವಾಗಿರುವಷ್ಟೇ ಹೊತ್ತನ್ನು ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಹೋಗಬೇಕು. ಆಫೀಸಿಗೆ ರಜೆ ಹಾಕಿ ಎರಡು ವಾರ ಅಂಟಿಕೊಂಡೇ ಇದ್ದು, ಮೂರನೆಯ ಸೋಮವಾರ ಒಮ್ಮೆಲೇ ಒಂಬತ್ತು ಗಂಟೆ ಬಿಟ್ಟುಹೋಗುವವರನ್ನು ನೋಡಿದ್ದೇನೆ. ಅದು ಆ ನಾಯಿಯ ಮೇಲೆ ಹೊರಿಸಿದ ಅತಿ ದೊಡ್ಡ ಭಾರ.

ನಿರುಪದ್ರವಿ ಚಾಳಿಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಮಲಗುವ ಮೊದಲು ಸುತ್ತು ಹೊಡೆಯುವುದು, ಮೂತ್ರ ಮಾಡಿ ಹಿಂಗಾಲಿನಿಂದ ಮಣ್ಣು ಕೆರೆಯುವುದು, ಸ್ನಾನವಾದ ಕೂಡಲೇ ಮನೆ ತುಂಬ ಹುಚ್ಚೋಟ ಓಡುವುದು, ನಿದ್ದೆಯಲ್ಲಿ ಕಾಲು ಆಡಿಸುತ್ತ ಸಣ್ಣಗೆ ಬೊಗಳುವುದು, ಇವೆಲ್ಲ ಎಷ್ಟೋ ನಾಯಿಗಳಲ್ಲಿ ಇರುವಂಥವು. ನಿದ್ದೆಯಲ್ಲಿರುವ ನಾಯಿಯನ್ನು ಮುಟ್ಟಿ ಎಬ್ಬಿಸದೆ ಹೆಸರು ಹಿಡಿದು ಕರೆಯಿರಿ, ಅಷ್ಟು ಸಾಕು. ವಾಕಿಂಗಿನಲ್ಲಿ ಪ್ರತಿ ಕಂಬವನ್ನೂ ಮೂಸುತ್ತ ನಿಂತರೆ ನಿಲ್ಲಲು ಬಿಡಿ. ದಣಿಯಲು ಕಾಲು ಓಡಬೇಕೆಂದೇನಿಲ್ಲ, ಮೂಗಿನ ಕೆಲಸದಲ್ಲೂ ನಾಯಿ ಹಾಯಾಗಿ ದಣಿಯುತ್ತದೆ.

ದೀಪಾವಳಿ ಬೇರೆಯದೇ ಮಾತು. ನಮ್ಮ ಕಿವಿಗೆ ಕೇಳುವ ಶಬ್ದದ ಮೇಲ್ಮಿತಿ ಸುಮಾರು 20,000 ಹರ್ಟ್ಸ್, ನಾಯಿಗೆ ಸುಮಾರು 45,000. ದನಿ ಬರುವ ದಿಕ್ಕು, ಕಾರಣ ಎರಡೂ ತಿಳಿಯದ ಸ್ಫೋಟಗಳು ಮೂರು ನಾಲ್ಕು ರಾತ್ರಿ ಬಿಡದೆ ನಡೆದರೆ ಬೀದಿಯಲ್ಲಿ ಧೈರ್ಯವಾಗಿದ್ದ ನಾಯಿಯೂ ಕಂಗಾಲಾಗುತ್ತದೆ. ‘ಹೆದರಿದಾಗ ಸಮಾಧಾನ ಮಾಡಬೇಡಿ, ಹೆದರಿಕೆ ಇನ್ನೂ ಹೆಚ್ಚುತ್ತದೆ’ ಎಂಬ ಸಲಹೆ ತಪ್ಪು. ಭಯ ಒಂದು ಭಾವನೆ, ಮೈದಡವಿದ ಮಾತ್ರಕ್ಕೆ ಅದು ಅಭ್ಯಾಸವಾಗಿ ಬೆಳೆಯುವುದಿಲ್ಲ. ಪಕ್ಕಕ್ಕೆ ಬಂದರೆ ತಬ್ಬಿಕೊಳ್ಳಿ, ಬಚ್ಚಲಲ್ಲಿ ಅಡಗಿದರೆ ಅಲ್ಲೇ ಚಾಪೆ ಹಾಸಿ. ಸಂಜೆ ಪಟಾಕಿ ಶುರುವಾಗುವ ಮೊದಲೇ ಹೊರಗೆ ಕರೆದೊಯ್ದು ಬನ್ನಿ, ಕೊರಳಪಟ್ಟಿಯ ಬಿಲ್ಲೆಯಲ್ಲಿ ನಿಮ್ಮ ಫೋನ್ ನಂಬರ್ ಇರಲಿ. ತೀರಾ ನಡುಗುವ ನಾಯಿಗೆ ಔಷಧವೂ ಇದೆ, ಆದರೆ ಪಶುವೈದ್ಯರ ಹತ್ತಿರ ಹಬ್ಬಕ್ಕೆ ಕೆಲವು ವಾರ ಮೊದಲೇ ಹೋಗಬೇಕು. ಹಿಂದೆಲ್ಲ ಬಳಕೆಯಲ್ಲಿದ್ದ ಅಸೆಪ್ರೋಮಜಿನ್ ಒಂದನ್ನೇ ಕೊಟ್ಟರೆ ಮೈ ಮಂಕಾಗುತ್ತದೆ, ಒಳಗಿನ ಭಯ ಹಾಗೇ ಇರುತ್ತದೆ.

ನಾಯಿ ಎಂದರೆ ನಿಯತ್ತು ಎಂಬುದು ಈ ನೆಲದಲ್ಲಿ ಬಹಳ ಹಳೆಯ ನಂಬಿಕೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಡುಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ಬೇಟೆನಾಯಿಗಾಗಿ ಅದರ ಒಡೆಯ ಮಣಲೆರ ನಿಲ್ಲಿಸಿದ ಕಲ್ಲು ಅದು. ಅಂಥ ಪ್ರೀತಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ‘ಬೀದಿಯಿಂದ ತಂದು ಅನ್ನ ಹಾಕಿದೆವು, ನಿಯತ್ತು ಬೇಡವೇ’ ಎಂಬ ನಿರೀಕ್ಷೆ ಹೆದರಿದ ನಾಯಿಯ ತಲೆಯ ಮೇಲೆ ಕೂತರೆ ಅದು ಪ್ರತಿದಿನ ಸೋಲುತ್ತದೆ. ಆ ನಾಯಿ ನಮ್ಮನ್ನು ಕೇಳಿ ಬಂದದ್ದಲ್ಲ. ಅನ್ನದ ಋಣದ ಲೆಕ್ಕವೂ ಅದರ ಬಳಿ ಇಲ್ಲ. ಭದ್ರ ಅವರ ತಂಡವೇ 2017ರಲ್ಲಿ ತೋರಿಸಿದಂತೆ, ಪದೇಪದೇ ಭೇಟಿಯಾದ ಅಪರಿಚಿತರ ಮೇಲೆ ಬೀದಿ ನಾಯಿಗಳಿಗೆ ನಂಬಿಕೆ ಬೆಳೆದದ್ದು ಆಹಾರ ಕೊಟ್ಟಿದ್ದಕ್ಕಿಂತ ಮೈ ಸವರಿದ್ದರಿಂದ.

2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಬೀದಿ ನಾಯಿಗಳ ಕುರಿತು ಕೊಟ್ಟ ಆದೇಶದಲ್ಲಿ ದತ್ತಿನ ಮಾತೂ ಇದೆ: ಆಸಕ್ತರು ಸ್ಥಳೀಯ ಆಡಳಿತಕ್ಕೆ ಅರ್ಜಿ ಹಾಕಿ ದತ್ತು ಪಡೆಯಬಹುದು, ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದು. ಆ ಹೊಣೆಯ ತೂಕ ತಿಳಿದು ಅರ್ಜಿ ಹಾಕಬೇಕು. ನನ್ನ ಅಭಿಪ್ರಾಯದಲ್ಲಿ ಎಲ್ಲ ಬೀದಿ ನಾಯಿಗಳೂ ಮನೆಗೆ ಬರಬೇಕಾದವಲ್ಲ. ಗಾಯಗೊಂಡದ್ದು, ತಾಯಿ ಕಳೆದುಕೊಂಡ ಮರಿ, ಯಾರೋ ಸಾಕಿ ಬಿಟ್ಟುಹೋದದ್ದು ಮನೆಗಾಗಿ ಕಾಯುತ್ತಿವೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿ ಕಿವಿಯ ತುದಿಗೆ ಗುರುತು ಬಿದ್ದ, ಆರೇಳು ವರ್ಷದಿಂದ ಒಂದೇ ಬೀದಿಯಲ್ಲಿ ನಾಲ್ಕು ಮನೆಯವರ ಪರಿಚಯದಲ್ಲಿ ಬದುಕಿರುವ, ಮುಟ್ಟಲು ಹೋದರೆ ಹಿಂದೆ ಸರಿಯುವ ನಾಯಿಯನ್ನು ಹನ್ನೆರಡನೆಯ ಮಹಡಿಯ ಫ್ಲ್ಯಾಟಿಗೆ ಹೊತ್ತೊಯ್ಯುವುದು ದಯೆಯಲ್ಲ. ಅದು ತನಗೆ ಗೊತ್ತಿರುವ ಬೀದಿಯಲ್ಲೇ ಇರಲಿ. ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ, ಮಕ್ಕಳು ಆಡುವ ಜಾಗದಿಂದ ದೂರದಲ್ಲಿ ನಿಗದಿ ಮಾಡಿದ ಕಡೆ ಹೊತ್ತಿಗೆ ಸರಿಯಾಗಿ ಊಟ, ಬೇಸಿಗೆಯಲ್ಲಿ ಒಂದು ಮಣ್ಣಿನ ಬೋಗುಣಿ ನೀರು, ಇಷ್ಟನ್ನು ಬೀದಿಯ ನಾಲ್ಕು ಮನೆಯವರು ಹಂಚಿಕೊಂಡು ಮಾಡಬಹುದು.